ಕಲ್ಲು ಒಂದೇ, ಮಣ್ಣು ಬೇರೆ ಬೇರೆ

(ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ರೈತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಕಪ್ಪು ಎರೆಮಣ್ಣು ಜ್ವಾಲಾಮುಖಿಯ ಬೂದಿಯಿಂದ ಆದದ್ದು ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ಪ್ರತಿ ವರ್ಷವೂ ನನಗೆ ಈ ವಾಕ್ಯ ಸಿಗುತ್ತದೆ. ಇದರಲ್ಲಿ ಅರ್ಧ ಸರಿಯಿದೆ. ನಮ್ಮ ಮಣ್ಣಿನ ಮೂಲ ಜ್ವಾಲಾಮುಖಿಯೇ. ಆದರೆ ಅದು ಬೂದಿಯಿಂದ ಆಗಲಿಲ್ಲ, ಹರಿದು ಬಂದು ಹೆಪ್ಪುಗಟ್ಟಿದ ಲಾವಾ ಕಲ್ಲಿನಿಂದ ಆಯಿತು. ಬೂದಿಯಿಂದಾದ ಮಣ್ಣು ಬೇರೆಯೇ ಇದೆ. ಜಪಾನ್, ಜಾವಾ, ಆಂಡೀಸ್ ಕಡೆಯ ಕಾಡುಬೆಟ್ಟಗಳ ಇಳಿಜಾರಿನಲ್ಲಿ ಅದು ಸಿಗುತ್ತದೆ. ಅದನ್ನು ಮುಟ್ಟಿದವರು ನಮ್ಮ ಎರೆಯನ್ನು ಅದರ ಜೊತೆ ಒಂದೇ ಸಾಲಿನಲ್ಲಿ ಹೆಸರಿಸಲಾರರು. ಇವತ್ತು ಈ ಎರಡನ್ನೂ ಎದುರುಬದುರು ಇಟ್ಟು ಮಾತನಾಡುತ್ತೇನೆ. ಬೀದರಿನ ಕೆಂಪು ಮಣ್ಣನ್ನು ಬಿಟ್ಟರೆ ಈ ಕಥೆ ಪೂರ್ತಿಯಾಗುವುದಿಲ್ಲ, ಆದ್ದರಿಂದ ನಡುವೆ ಅದೂ ಬರುತ್ತದೆ.

ಮೊದಲು ನಮ್ಮ ಕಾಲಡಿಯ ಕಲ್ಲಿನ ವಿಚಾರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಉದ್ದುದ್ದ ಸೀಳಿ ಲಾವಾ ಹೊರಗೆ ಹರಿಯಿತು. ಒಂದು ಪದರ ಹರಿದು ಆರಿತು, ಅದರ ಮೇಲೆ ಇನ್ನೊಂದು ಹರಿಯಿತು. ಇವತ್ತಿಗೆ ಉಳಿದಿರುವ ಹಾಸೇ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಇದೆ. ಸಹ್ಯಾದ್ರಿಯ ಕಡೆ ಈ ಹಾಸಿನ ದಪ್ಪ ಎರಡು ಕಿಲೋಮೀಟರ್ ಮುಟ್ಟುತ್ತದೆ. ಪೂರ್ವಕ್ಕೂ ದಕ್ಷಿಣಕ್ಕೂ ಬಂದಂತೆ ತೆಳುವಾಗುತ್ತ ಹೋಗುತ್ತದೆ. ನಾವಿರುವುದು ಅದರ ಅಂಚಿನಲ್ಲಿ. ಸೇಡಂ, ಶಹಾಬಾದ್ ಕಡೆಗೆ ಹೋಗಿ ನೋಡಿ, ಲಾವಾ ಹಾಸು ಮುಗಿದು ಅದರ ಅಡಿಯಲ್ಲಿದ್ದ ಸುಣ್ಣದ ಕಲ್ಲು ಮೇಲೆ ಕಾಣಿಸುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದೇ. ಇನ್ನೂ ಕೆಳಗೆ ಯಾದಗಿರಿ, ಸುರಪುರದ ಕಡೆ ಹೋದರೆ ಅದಕ್ಕಿಂತ ಬಹಳ ಹಳೆಯ ಗ್ರಾನೈಟ್ ಗುಡ್ಡಗಳು, ಅವುಗಳ ಬುಡದಲ್ಲಿ ಮಸಾರಿ, ಅಂದರೆ ಕೆಂಪು ಮಣ್ಣು. ಮೂರು ಜಿಲ್ಲೆಗಳಲ್ಲಿ ಮೂರು ಕಾಲದ ಕಲ್ಲುಗಳನ್ನು ಒಂದೇ ದಿನದ ಬಸ್ ಪ್ರಯಾಣದಲ್ಲಿ ನೋಡಬಹುದಾದ ಸೀಮೆ ನಮ್ಮದು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಕರೆದುಕೊಂಡು ಹೋಗಿ ತೋರಿಸುವುದಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲಾವಾ ಒಂದೇ ಸಲ ಹರಿದು ಮುಗಿಯಲಿಲ್ಲ, ನಡುನಡುವೆ ಬಿಡುವು ಇತ್ತು. ಆ ಬಿಡುವಿನಲ್ಲಿ ಮೇಲಿನ ಕಲ್ಲು ಕರಗಿ ಮಣ್ಣಾಗತೊಡಗುತ್ತಿತ್ತು. ಅಷ್ಟರಲ್ಲಿ ಮುಂದಿನ ಲಾವಾ ಬಂದು ಅದನ್ನು ಮುಚ್ಚಿ ಸುಟ್ಟುಬಿಡುತ್ತಿತ್ತು. ರಸ್ತೆಗಾಗಿ ಗುಡ್ಡ ಕಡಿದ ಕಡೆ ಎರಡು ಕಪ್ಪು ಕಲ್ಲಿನ ಪದರಗಳ ನಡುವೆ ಇಟ್ಟಿಗೆ ಬಣ್ಣದ ತೆಳುವಾದ ಪಟ್ಟಿ ಕಂಡರೆ ನಿಂತು ನೋಡಿ. ಕೋಟ್ಯಂತರ ವರ್ಷಗಳ ಹಿಂದೆ ಶುರುವಾಗಿ ಅಲ್ಲಿಗೇ ನಿಂತುಹೋದ ಮಣ್ಣು ಅದು.

ಈಗ ಬೂದಿಯ ಕಡೆ ಬರೋಣ. ನಮ್ಮ ದೇಶದಲ್ಲಿ ಇವತ್ತು ಜೀವಂತವಾಗಿರುವ ಜ್ವಾಲಾಮುಖಿ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ. ಹಾಗೆಂದು ಬೂದಿ ನಮ್ಮ ಹತ್ತಿರ ಬಂದೇ ಇಲ್ಲ ಎನ್ನುವಂತಿಲ್ಲ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಸಮುದ್ರ ದಾಟಿ ಭಾರತದ ಮೇಲೆ ಬಿತ್ತು. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ನೀರು ಕೊಚ್ಚಿ ತಂದು ಕೂಡಿಹಾಕಿದ ಆ ಬೂದಿಯ ಪದರ ಎರಡು ಮೀಟರಿಗಿಂತ ದಪ್ಪವಿದೆ. ಅದರ ಮೇಲೂ ಕೆಳಗೂ ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕಿವೆ. ಆದರೆ ಅಂಥ ಬೂದಿ ನಮ್ಮ ಕಡೆ ಮಣ್ಣಾಗಿ ನಿಲ್ಲುವಷ್ಟು ಬೀಳಲಿಲ್ಲ, ಬಿದ್ದದ್ದೂ ಕೊಚ್ಚಿಹೋಯಿತು.

ಬೂದಿ ಎಂದರೆ ಒಲೆಯ ಬೂದಿ ಎಂದುಕೊಳ್ಳಬೇಡಿ. ಅದು ಕಲ್ಲಿನ ಪುಡಿ, ಬಹುಪಾಲು ಗಾಜು. ಕರಗಿದ ಕಲ್ಲು ಗಾಳಿಗೆ ಚಿಮ್ಮಿ ತಟ್ಟನೆ ಆರುತ್ತದೆ, ಅದಕ್ಕೆ ಹರಳುಗಟ್ಟಲು ಹೊತ್ತೇ ಸಿಗುವುದಿಲ್ಲ. ಹರಳಾಗದ ವಸ್ತು ಬೇಗ ಕರಗುತ್ತದೆ. ಬೆಟ್ಟದ ಇಳಿಜಾರು, ಮೇಲೆ ಕಾಡು, ವರ್ಷಪೂರ್ತಿ ಮಳೆ ಇದ್ದಲ್ಲಿ ಈ ಗಾಜು ಕೆಲವು ನೂರು, ಕೆಲವು ಸಾವಿರ ವರ್ಷಗಳಲ್ಲೇ ಮಣ್ಣಾಗುತ್ತದೆ. ಮಣ್ಣಿನ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆಗ ಹುಟ್ಟುವ ಖನಿಜದ ಹೆಸರು ಅಲೋಫೇನ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಒಳಗೆ ಟೊಳ್ಳಾದ ಪುಟ್ಟ ಪುಟ್ಟ ಗೋಳಗಳು, ಒಂದೊಂದರ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ನಾಲ್ಕೈದು ಪಾಲು. ಇದರ ಜೊತೆಗೆ ಇಮೋಗೊಲೈಟ್ ಎಂಬ ಇನ್ನೊಂದಿದೆ, ಅದು ಸಣ್ಣ ಕೊಳವೆಗಳ ರೂಪದಲ್ಲಿರುತ್ತದೆ.

ಈ ಟೊಳ್ಳುತನವೇ ಆ ಮಣ್ಣಿನ ಎಲ್ಲ ಗುಣಗಳ ಬೇರು. ಕೈಯಲ್ಲಿ ಹಿಡಿದರೆ ಅದು ಹಗುರ. ಒಂದು ಘನ ಸೆಂಟಿಮೀಟರ್ ಮಣ್ಣು 0.9 ಗ್ರಾಂ ಕೂಡ ತೂಗುವುದಿಲ್ಲ. ಒಣಗಿ ಗಟ್ಟಿಯಾದ ನಮ್ಮ ಎರೆಯ ಹೆಂಟೆ ಅಷ್ಟೇ ಗಾತ್ರಕ್ಕೆ ಒಂದೂವರೆ ಗ್ರಾಮಿನ ಮೇಲೆ ತೂಗುತ್ತದೆ. ನೀರಿನ ವಿಚಾರ ಇನ್ನೂ ಬೆರಗಿನದು. ತೀರಾ ಮಳೆಬೀಳುವ ಬೆಟ್ಟಗಳಲ್ಲಿ ಒಂದು ಕಿಲೋ ಒಣ ಮಣ್ಣಿನ ಲೆಕ್ಕಕ್ಕೆ ಒಂದು ಕಿಲೋಗಿಂತ ಹೆಚ್ಚು ನೀರನ್ನು ಹಿಡಿದುಕೊಂಡ ಬೂದಿಮಣ್ಣುಗಳಿವೆ. ಹಾಗಿದ್ದೂ ನೋಡಲು ಕೆಸರಿನಂತೆ ಇರುವುದಿಲ್ಲ. ಚಿಟಿಕೆ ತೆಗೆದು ಹೆಬ್ಬೆರಳು, ತೋರುಬೆರಳುಗಳ ನಡುವೆ ಒತ್ತಿ. ಮೊದಲು ಪುಡಿಪುಡಿಯಾಗಿ, ಗಟ್ಟಿಯಾಗಿಯೇ ತಡೆಯುತ್ತದೆ. ಇನ್ನಷ್ಟು ಒತ್ತಿದರೆ ಒಮ್ಮೆಲೇ ಸೋತು ಜಾರುತ್ತದೆ, ಬೆರಳಿಗೆ ನೀರು ಹತ್ತುತ್ತದೆ. ಬಿಟ್ಟರೆ ಮತ್ತೆ ಮೊದಲಿನಂತೆ ಕೂತುಕೊಳ್ಳುತ್ತದೆ. ಬೆರಳಿನ ಈ ಅನುಭವವನ್ನು ನೆನಪಿನಲ್ಲಿಡಿ, ಭೂಕುಸಿತದ ಮಾತು ಬಂದಾಗ ಬೇಕಾಗುತ್ತದೆ.

ಕಾಡಿನ ಎಲೆ, ಬೇರು ಕೊಳೆತದ್ದೆಲ್ಲ ಆ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಬೂದಿ ಕರಗುವಾಗ ಬಿಡುಗಡೆಯಾದ ಅಲ್ಯೂಮಿನಿಯಂ ಆ ಸಾವಯವ ಪದಾರ್ಥವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ತಿನ್ನಲು ಬಿಡುವುದಿಲ್ಲ. ಹೀಗಾಗಿ ಮೇಲ್ಪದರದಲ್ಲಿ ಸಾವಯವ ಇಂಗಾಲ ಸೇಕಡಾ 5, ಕೆಲವೆಡೆ 10ನ್ನೂ ದಾಟುತ್ತದೆ. ನಮ್ಮ ಎರೆಹೊಲಗಳ ಮಣ್ಣು ಪರೀಕ್ಷೆಯ ಚೀಟಿ ನಿಮ್ಮಲ್ಲಿದ್ದರೆ ಮನೆಗೆ ಹೋಗಿ ತೆಗೆದು ನೋಡಿ. ಬಹಳ ಹೊಲಗಳಲ್ಲಿ ಅದು ಸೇಕಡಾ ಅರ್ಧದ ಆಸುಪಾಸಿನಲ್ಲಿದೆ. ಎರೆಯ ಕಪ್ಪು ಬಣ್ಣ ನೋಡಿ ಅದರಲ್ಲಿ ಸಾರ ತುಂಬಿದೆ ಎಂದು ತಿಳಿಯುವವರು ಬಹಳ. ಬಣ್ಣಕ್ಕೂ ಸಾರಕ್ಕೂ ಇಲ್ಲಿ ನೇರ ಸಂಬಂಧವಿಲ್ಲ. ಇರುವ ಒಂದಿಷ್ಟು ಸಾವಯವ ಅಂಶವೇ ಜೇಡಿಗೆ ಗಟ್ಟಿಯಾಗಿ ಅಂಟಿಕೊಂಡು ಇಡೀ ಮಣ್ಣಿಗೆ ಕಪ್ಪು ಬಣ್ಣ ಕೊಡುತ್ತದೆ.

ಹಾಗಾದರೆ ಎರಡೂ ಜ್ವಾಲಾಮುಖಿಯ ಮಕ್ಕಳೇ ಆಗಿದ್ದು ಇಷ್ಟು ಬೇರೆಯಾದದ್ದು ಏಕೆ? ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತ ಇದೆ. ಗಾಜೋ ಹರಳೋ ಎಂಬುದು ಒಂದು ಕಾರಣ, ಅದನ್ನು ಹೇಳಿದ್ದೇನೆ. ಅದಕ್ಕಿಂತ ದೊಡ್ಡ ಕಾರಣ ನೀರು. ಮಳೆ ಎಷ್ಟು ಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಮಣ್ಣನ್ನು ಅರಿಯಬೇಕಾದರೆ ಬಿದ್ದ ನೀರು ಯಾವ ದಾರಿಯಲ್ಲಿ ಹೊರಟುಹೋಯಿತು, ಹೋಗುವಾಗ ಏನನ್ನು ಒಯ್ದಿತು ಎಂದು ಕೇಳಬೇಕು. ಕಲ್ಲು ಕರಗಿದಾಗ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ನೀರಿಗೆ ಬರುತ್ತವೆ. ಇಳಿಜಾರಿನಲ್ಲಿ, ಸಡಿಲ ಬೂದಿಯಲ್ಲಿ, ಜೋರು ಮಳೆಯಲ್ಲಿ ಆ ನೀರು ಕೆಳಗಿಳಿದು ತೊರೆ ಸೇರುತ್ತದೆ, ಇವೆಲ್ಲವೂ ಅದರ ಜೊತೆ ಹೊರಟುಹೋಗುತ್ತವೆ. ಹಿಂದೆ ಉಳಿಯುವುದು ಅಲ್ಯೂಮಿನಿಯಂ, ಕಬ್ಬಿಣ ಮತ್ತು ಸ್ವಲ್ಪ ಸಿಲಿಕಾ. ಅಷ್ಟರಿಂದಲೇ ಅಲೋಫೇನ್ ಆಗುತ್ತದೆ. ನಮ್ಮಲ್ಲಿ ಹಾಗಲ್ಲ. ಕಲಬುರಗಿಯಲ್ಲಿ ವರ್ಷಕ್ಕೆ 750ರಿಂದ 800 ಮಿಲಿಮೀಟರ್ ಮಳೆ, ಅದೂ ನಾಲ್ಕು ತಿಂಗಳಲ್ಲಿ. ನೆಲ ಸಮತಟ್ಟು. ಇಂಗಿದ ನೀರು ಹೆಚ್ಚು ದೂರ ಹೋಗದೆ ಅಲ್ಲಲ್ಲೇ ನಿಂತು, ಮುಂದಿನ ಎಂಟು ತಿಂಗಳ ಬಿಸಿಲಿಗೆ ಮೇಲಕ್ಕೇ ಆರಿಹೋಗುತ್ತದೆ. ಕರಗಿದ ಸಿಲಿಕಾ, ಮೆಗ್ನೀಸಿಯಂ, ಸುಣ್ಣ ಎಲ್ಲ ಅಲ್ಲೇ ಉಳಿಯುತ್ತವೆ. ಆಗ ಹುಟ್ಟುವ ಜೇಡಿಯ ಹೆಸರು ಸ್ಮೆಕ್ಟೈಟ್. ತೆಳು ಹಾಳೆಗಳ ಮೇಲೆ ಹಾಳೆ ಕೂತ ರಚನೆ ಅದು. ನೀರು ಹಾಳೆಗಳ ನಡುವೆ ನುಗ್ಗಿದರೆ ಉಬ್ಬುತ್ತದೆ, ಹೊರಟರೆ ಕುಗ್ಗುತ್ತದೆ.

ಇದನ್ನು ಹೊಲದಲ್ಲೇ ನೋಡೋಣ. ಹೊಸ ಬಾವಿ ತೋಡುವ ಕಡೆ ಅಂಚಿನಲ್ಲಿ ನಿಂತು ಕೆಳಗಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ಅಡಿಯಲ್ಲಿ ಗಟ್ಟಿ ಕಪ್ಪು ಬಸಾಲ್ಟ್, ಮೊದಲು ಹೇಳಿದ ಲಾವಾ ಕಲ್ಲು ಅದೇ. ಅದರ ಮೇಲೆ ದುಂಡು ದುಂಡಾದ ಗುಂಡುಗಳು, ಒಂದೊಂದೂ ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಬಿಚ್ಚಿಕೊಳ್ಳುತ್ತಿರುತ್ತದೆ. ಸಿಪ್ಪೆ ಬೂದು ಹಸಿರು, ಒಳಗಿನ ತಿರುಳು ಇನ್ನೂ ಕಪ್ಪು ಕಲ್ಲೇ. ಅದರ ಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಗರಸು. ಗರಸಿನ ಮೇಲೆ ಎರೆ, ಅದರೊಳಗೆ ಬಿಳಿ ಸುಣ್ಣದ ಗಂಟುಗಳು. ಒಂದು ಗಂಟಿನ ಮೇಲೆ ನಿಂಬೆರಸ ಹಿಂಡಿ, ನೊರೆ ಏಳುತ್ತದೆ. ಎರಡು ಮೂರು ಅಡಿ ಆಳದಲ್ಲಿ ಒಂದು ಹೆಂಟೆ ಕಿತ್ತು ಬಿಸಿಲಿಗೆ ಹಿಡಿದರೆ ಅದರ ಓರೆ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಮೇಲೆ ಗೀರುಗಳೂ ಕಾಣುತ್ತವೆ. ಮಣ್ಣು ಉಬ್ಬಿದಾಗ ಒಂದು ಗಡ್ಡೆ ಇನ್ನೊಂದನ್ನು ಒತ್ತಿ ಜಾರಿದ ಗುರುತು ಅದು. ಬೇಸಿಗೆಯಲ್ಲಿ ಭೂಮಿ ಬಾಯಿ ಬಿಡುತ್ತದೆ ಎಂದು ನಾವು ಹೇಳುತ್ತೇವಲ್ಲ, ಆ ಬಿರುಕಿನಲ್ಲಿ ಮೇಲಿನ ಪುಡಿಮಣ್ಣು ಉದುರುತ್ತದೆ. ಮಳೆ ಬಂದಾಗ ಬಿರುಕು ಮುಚ್ಚುತ್ತದೆ, ಉದುರಿದ್ದು ಒಳಗೇ ಉಳಿಯುತ್ತದೆ. ಎರೆ ಹೀಗೆ ನೂರಾರು ವರ್ಷಗಳಲ್ಲಿ ತನ್ನನ್ನು ತಾನೇ ತಿರುವಿಹಾಕಿಕೊಳ್ಳುತ್ತದೆ. ನೇಗಿಲು ಮಾಡುವ ಕೆಲಸದಲ್ಲಿ ಒಂದು ಪಾಲನ್ನು ಮಣ್ಣೇ ಮಾಡಿಕೊಳ್ಳುತ್ತದೆ.

ಎರೆ ವರ್ಷಕ್ಕೊಮ್ಮೆ ಒಣಗಿ ಬಿರುಕು ಬಿಟ್ಟು ಮತ್ತೆ ಮಳೆಗೆ ತುಂಬಿಕೊಳ್ಳುತ್ತದೆ, ಏನೂ ಕಳೆದುಕೊಳ್ಳುವುದಿಲ್ಲ. ತೇವದ ಬೆಟ್ಟದ ಬೂದಿಮಣ್ಣಿಗೆ ಈ ಸೈರಣೆ ಇಲ್ಲ. ಕಾಡು ಕಡಿದು ಬಿಸಿಲಿಗೆ ಒಡ್ಡಿ ಪೂರ್ತಿ ಒಣಗಿಸಿದರೆ ಅಲೋಫೇನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಮರಳಿನಂಥ ಕಾಳುಗಳಾಗುತ್ತವೆ. ಆಮೇಲೆ ಎಷ್ಟು ನೀರು ಹಾಕಿದರೂ ಅದು ಮೊದಲಿನಷ್ಟು ನೀರನ್ನು ಮತ್ತೆ ಹಿಡಿಯುವುದಿಲ್ಲ. ಅಲ್ಲಿ ಮರದ ನೆರಳು ಮಣ್ಣಿನ ರಚನೆಯನ್ನೇ ಕಾಯುತ್ತದೆ. ಕಿಲಿಮಂಜಾರೋದ ದಕ್ಷಿಣದ ಇಳಿಜಾರಿನಲ್ಲಿ ಚಗ್ಗಾ ಜನ ಎತ್ತರದ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ ಬೆಳೆಯುತ್ತ ಬಂದಿದ್ದಾರೆ. ಮಣ್ಣಿನ ಸ್ವಭಾವ ತಿಳಿದು ಕಟ್ಟಿದ ಬೇಸಾಯ ಅದು.

ಈಗ ಬೀದರಿಗೆ ಹೋಗೋಣ. ಬೀದರಿನ ಎತ್ತರದ ಹಾಸು, ನಿಮ್ಮ ಈ ಚಿಂಚೋಳಿ ಗುಡ್ಡಗಳ ನೆತ್ತಿ, ಎರಡೂ ಕೆಂಪು. ಅದೇ ಬಸಾಲ್ಟಿನ ಮೇಲೆ ಕೂತ ಜಂಬಿಟ್ಟಿಗೆ ಕಲ್ಲು ಅದು. ಇವತ್ತಿನ ನಮ್ಮ ಮಳೆಗೆ ಅದು ಹುಟ್ಟುವುದಿಲ್ಲ. ಹಿಂದೆ ಎಂದೋ ಹೆಚ್ಚು ತೇವ, ಹೆಚ್ಚು ಬಿಸಿ ಇದ್ದ ದೀರ್ಘ ಕಾಲದಲ್ಲಿ ನೀರು ಈ ಎತ್ತರದ ನೆಲದೊಳಗೆ ಇಳಿದಿಳಿದು ಸಿಲಿಕಾ, ಸುಣ್ಣ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದುಹಾಕಿ ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಮಾತ್ರ ಬಿಟ್ಟಿತು. ಒಳಗಿರುವಾಗ ಮೆತ್ತಗಿದ್ದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುವ ಕಲ್ಲು. ಬೀದರ್ ಕೋಟೆಯ ಗೋಡೆಯಲ್ಲೂ ಅದೇ ಕಲ್ಲು, ಕಂದಕ ಕಡಿದದ್ದೂ ಅದರಲ್ಲೇ.

ಜಂಬಿಟ್ಟಿಗೆಯ ಮೈಯೆಲ್ಲ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಅದರ ತಳದಲ್ಲಿ ಜೇಡಿ ಮತ್ತು ಬಸಾಲ್ಟ್ ಇರುವುದರಿಂದ ನೀರಿಗೆ ಮುಂದೆ ದಾರಿಯಿಲ್ಲ, ಪಕ್ಕಕ್ಕೆ ಹರಿದು ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರು ನಾನಕ್ ಝೀರಾದ ನೀರು, ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು ಬರುವುದು ಇಂಥ ಕಲ್ಲಿನಿಂದಲೇ. ಬಹಮನಿ ಕಾಲದವರು ಇದನ್ನು ಚೆನ್ನಾಗಿ ಅರಿತಿದ್ದರು. ನೌಬಾದಿನ ಸುರಂಗ ಬಾವಿಯನ್ನು ನೋಡಿದವರು ಇಲ್ಲಿ ಕೆಲವರಿದ್ದೀರಿ. ನೆಲದಡಿಯಲ್ಲಿ ಸುಮಾರು ಮೂರು ಕಿಲೋಮೀಟರ್ ಕಾಲುವೆ ಕೊರೆದು, ನಡುನಡುವೆ ಗಾಳಿಬಾವಿಗಳನ್ನು ತೋಡಿ, ಜಂಬಿಟ್ಟಿಗೆಯೊಳಗಿನ ನೀರನ್ನು ಯಂತ್ರವಿಲ್ಲದೆ ಹರಿಸಿಕೊಂಡರು. ಇರಾನಿನಿಂದ ಬಂದ ಜ್ಞಾನ ಅದು, ಆದರೆ ಅದನ್ನು ಎಲ್ಲಿ ಕೊರೆಯಬೇಕು ಎಂದು ತಿಳಿಯಲು ಇಲ್ಲಿನ ಕಲ್ಲನ್ನು ಓದಬೇಕಾಗಿತ್ತು. ಅವರು ಓದಿದರು. ಇವತ್ತು ನಾವು ಅದೇ ಹಾಸಿನಲ್ಲಿ ಸಾಲಾಗಿ ಕೊಳವೆಬಾವಿ ಕೊರೆಸಿ, ಮೇಲೆ ನೀರು ಇಳಿಯುವ ಜಾಗಕ್ಕೆಲ್ಲ ಕಾಂಕ್ರೀಟು ಹಾಕಿ, ಝರಿ ಏಕೆ ಸೊರಗಿತು ಎಂದು ಕೇಳುತ್ತಿದ್ದೇವೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು: ಬೂದಿಮಣ್ಣೂ ತೊಳೆದುಹೋದ ಮಣ್ಣೇ, ಜಂಬಿಟ್ಟಿಗೆಯೂ ತೊಳೆದುಹೋದದ್ದೇ, ಹಾಗಾದರೆ ಒಂದು ಇನ್ನೊಂದಾಗುತ್ತದೆಯೇ? ಬಹುಮಟ್ಟಿಗೆ ಹೌದು, ಕಾಲ ಸಿಕ್ಕರೆ. ಇದಕ್ಕೆ ಹವಾಯಿ ದ್ವೀಪಗಳಲ್ಲಿ ಒಳ್ಳೆಯ ಪುರಾವೆ ಇದೆ. ಅಲ್ಲಿ ದ್ವೀಪಗಳು ಒಂದರ ಹಿಂದೆ ಒಂದು ಹುಟ್ಟಿದವು, ಆದ್ದರಿಂದ ಒಂದೇ ಬಗೆಯ ಬಸಾಲ್ಟ್ ಮೂಲ, ಒಂದೇ ಮಳೆ, ಒಂದೇ ಎತ್ತರ, ಮೇಲೆ ಓಹಿಯಾ ಎಂಬ ಒಂದೇ ಜಾತಿಯ ಮರದ ಕಾಡು ಇರುವ ತಾಣಗಳನ್ನು 300 ವರ್ಷದಿಂದ 41 ಲಕ್ಷ ವರ್ಷ ವಯಸ್ಸಿನವರೆಗೆ ಸಾಲಾಗಿ ಆರಿಸಿಕೊಳ್ಳಬಹುದು. ವಿಜ್ಞಾನಿಗಳು ಹಾಗೇ ಮಾಡಿದರು. ಎಳೆಯ ಮಣ್ಣಿನಲ್ಲಿ ಕಲ್ಲಿನ ಪೋಷಕಾಂಶಗಳೆಲ್ಲ ಇವೆ, ಆದರೆ ಸಾರಜನಕ ಇಲ್ಲ, ಏಕೆಂದರೆ ಅದು ಗಾಳಿಯಿಂದ ಬರಬೇಕು. ಅಲ್ಲಿ ಸಾರಜನಕ ಕೊಟ್ಟರೆ ಮರ ಚಿಗುರುತ್ತದೆ. ನಡುವಯಸ್ಸಿನ ಮಣ್ಣುಗಳು, ಅಂದರೆ ಅಲೋಫೇನ್ ತುಂಬಿದವು, ಅತ್ಯಂತ ಸಮೃದ್ಧ. 41 ಲಕ್ಷ ವರ್ಷದ ಮಣ್ಣಿನಲ್ಲಿ ಅಲೋಫೇನ್ ಮುಗಿದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕೆಯೊಲಿನೈಟ್ ಜೇಡಿ ಉಳಿದಿವೆ. ಅಲ್ಲಿ ಮರಕ್ಕೆ ರಂಜಕವೇ ಸಿಗುವುದಿಲ್ಲ. ಏಷ್ಯಾ ಖಂಡದಿಂದ ಗಾಳಿಯಲ್ಲಿ ತೇಲಿ ಬಂದು ಬೀಳುವ ಧೂಳಿನ ರಂಜಕ ಆ ಮುದಿ ಕಾಡಿಗೆ ದೊಡ್ಡ ಆಸರೆಯಾಗಿದೆ. ಜ್ವಾಲಾಮುಖಿಯ ಮಣ್ಣು ಎಂದರೆ ಫಲವತ್ತು ಎಂದು ಕಣ್ಣು ಮುಚ್ಚಿ ಹೇಳುವವರಿಗೆ ನಾನು ಹವಾಯಿಯ ಈ ಸಾಲನ್ನು ತೋರಿಸುತ್ತೇನೆ. ಅದರ ವಯಸ್ಸೆಷ್ಟು ಎಂದು ಕೇಳದೆ ಆ ಮಾತು ಹೇಳಬಾರದು.

ರಂಜಕದ ಮಾತು ಬಂದದ್ದರಿಂದ ಸ್ವಲ್ಪ ದಾರಿ ಬಿಟ್ಟು ತೊಗರಿಯ ಹೊಲಕ್ಕೆ ಹೋಗಿಬರುತ್ತೇನೆ. ಕಲಬುರಗಿಯಲ್ಲಿ ನಿಂತು ತೊಗರಿಯ ಹೆಸರೆತ್ತದೆ ಮಣ್ಣಿನ ಉಪನ್ಯಾಸ ಮುಗಿಸಲು ನನಗೆ ಮನಸ್ಸಿಲ್ಲ. ಬೂದಿಮಣ್ಣು ನಾವು ಹಾಕಿದ ರಂಜಕದಲ್ಲಿ ಬಹುಪಾಲನ್ನು ಬೆಳೆಗೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬೂದಿಮಣ್ಣು ಎಂದು ಗುರುತಿಸುವ ಲಕ್ಷಣಗಳಲ್ಲಿ, ಪರೀಕ್ಷೆಯಲ್ಲಿ ಸೇಕಡಾ 85ಕ್ಕಿಂತ ಹೆಚ್ಚು ರಂಜಕ ಹಿಡಿಯಬೇಕು ಎಂಬುದೂ ಒಂದು. ಕೆಂಪು ಮಣ್ಣಿನಲ್ಲಿ ಕಬ್ಬಿಣ ಹಿಡಿಯುತ್ತದೆ, ಎರೆಯಲ್ಲಿ ಸುಣ್ಣ ಹಿಡಿಯುತ್ತದೆ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಒಣನಾಡಿನ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ವಿಜ್ಞಾನಿಗಳು ಸೇರಿ ಕೆಲಸ ಮಾಡಿ 1990ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಜೋಳ, ಸೋಯಾ ಅವರೆಯಂಥ ಬೆಳೆಗಳು ಕಬ್ಬಿಣ ಹಿಡಿದ ರಂಜಕವನ್ನು ಮುಟ್ಟಲಾರದ ಕಡೆ ತೊಗರಿ ಅದನ್ನು ತೆಗೆದುಕೊಳ್ಳುತ್ತದೆ. ಅದರ ಬೇರು ಪಿಸಿಡಿಕ್ ಆಮ್ಲ ಮತ್ತು ಅದರ ಬಳಗದ ಆಮ್ಲಗಳನ್ನು ಸ್ರವಿಸಿ, ಕಬ್ಬಿಣವನ್ನು ತಾನು ಹಿಡಿದು ರಂಜಕವನ್ನು ಬಿಡಿಸುತ್ತದೆ. ರಂಜಕವನ್ನು ಬಿಟ್ಟುಕೊಡದ ಬೂದಿಮಣ್ಣಿನ ದೇಶದವರು ನಮ್ಮ ತೊಗರಿಯ ಬೇರಿನಲ್ಲಿ ಇದನ್ನು ಕಂಡರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಮಸಾರಿಯಲ್ಲಿ ಜೋಳದ ಜೊತೆ ತೊಗರಿ ಅಕ್ಕಡಿ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಆಮ್ಲದ ಹೆಸರು ಗೊತ್ತಿರಲಿಲ್ಲ, ಆದರೆ ತೊಗರಿಯ ನಂತರದ ಬೆಳೆ ಚೆನ್ನಾಗಿ ಬರುತ್ತದೆ ಎಂಬುದು ಗೊತ್ತಿತ್ತು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಆ ಬೇಳೆಯ ರುಚಿಗೆ ಇಲ್ಲಿನ ಮಣ್ಣೇ ಕಾರಣ ಎನ್ನುವವರು ಬೇರಿನ ಈ ಕೆಲಸವನ್ನೂ ನೆನೆಯಬೇಕು.

ಇನ್ನು ಇಳಿಜಾರು. ಬೆರಳಿನ ನಡುವೆ ಒತ್ತಿದಾಗ ಒಮ್ಮೆಲೇ ಸೋಲುವ ಮಣ್ಣು ಎಂದೆನಲ್ಲ, ಅಂಥ ಮಣ್ಣು ಕಡಿದಾದ ಬೆಟ್ಟದ ಮೇಲೆ ಮೀಟರುಗಟ್ಟಲೆ ಕೂತಿದೆ ಎಂದುಕೊಳ್ಳಿ. ಸಾಮಾನ್ಯ ದಿನಗಳಲ್ಲಿ ಅದಕ್ಕಿಂತ ಒಳ್ಳೆಯ ಕಾಡುಮಣ್ಣು ಇಲ್ಲ. ಗಂಟೆಗೆ ನೂರು ಮಿಲಿಮೀಟರ್ ಸುರಿದರೂ ಕುಡಿದುಬಿಡುತ್ತದೆ, ಮೇಲೆ ಹರಿಯುವ ನೀರೇ ಇರುವುದಿಲ್ಲ. ಆದರೆ ಕುಡಿಯುವುದಕ್ಕೂ ಮಿತಿ ಇದೆ. 1998ರ ಮೇ 5ರಂದು ಇಟಲಿಯ ಸಾರ್ನೋ ಪಟ್ಟಣದ ಮೇಲಿನ ಬೆಟ್ಟಗಳಲ್ಲಿ ಅದು ಮೀರಿತು. ಅಲ್ಲಿನ ಬೆಟ್ಟ ಸುಣ್ಣದ ಕಲ್ಲಿನದು, ನಮ್ಮ ಸೇಡಂ ಕಡೆಯ ಕಲ್ಲಿನ ಕುಲದ್ದೇ. ಅದರ ಮೇಲೆ ವೆಸೂವಿಯಸ್‌ನಿಂದ ಬಂದ ಬೂದಿ ಹೊದ್ದುಕೊಂಡಿತ್ತು, ಬೂದಿಯ ಮೇಲೆ ಚೆಸ್ಟ್‌ನಟ್ ಮರಗಳ ಕಾಡು. ಎರಡು ದಿನ ಬಿಡದೆ ಸುರಿದ ಮಳೆಗೆ ಬೂದಿ ನೀರು ತುಂಬಿಕೊಂಡು ಕಲ್ಲಿನ ಮೇಲಿಂದ ಜಾರಿ, ಜಾರುತ್ತಲೇ ದ್ರವವಾಗಿ ಊರುಗಳ ಮೇಲೆ ಹರಿಯಿತು. ಸುಮಾರು 160 ಜನ ಸತ್ತರು. ಆಮೇಲೆ ನಡೆದ ಅಧ್ಯಯನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಕಂಡಿತು: ಎಷ್ಟೋ ಕುಸಿತಗಳು ಶುರುವಾದದ್ದು ಬೆಟ್ಟದ ಮೈಗೆ ಅಡ್ಡಲಾಗಿ ದಾರಿ ಕಡಿದ ಜಾಗಗಳಲ್ಲಿ. ಮಣ್ಣಿನ ಹೊದಿಕೆಯನ್ನು ದಾರಿ ಕತ್ತರಿಸಿತ್ತು, ಮೇಲಿನ ಭಾಗಕ್ಕೆ ಕೆಳಗಿನ ಆಸರೆ ತಪ್ಪಿತ್ತು.

ಜಪಾನಿನ ಹೊಕ್ಕೈಡೋದಲ್ಲಿ 2018ರ ಸೆಪ್ಟೆಂಬರ್ 6ರಂದು ನಡೆದದ್ದು ಇನ್ನೊಂದು ಬಗೆಯದು. ಹಿಂದಿನ ದಿನಗಳಲ್ಲಿ ಮಳೆ ಬಿದ್ದು ನೆಲ ತೊಯ್ದಿತ್ತು. ನಸುಕಿನಲ್ಲಿ ಭೂಕಂಪವಾದಾಗ ಅತ್ಸುಮಾ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ಸಾವಿರಾರು ಕಡೆ ಕಾಡು ಮರಗಳ ಸಮೇತ ಕೆಳಗೆ ಬಂತು. ಬಹುಪಾಲು ಕಡೆ ಜಾರಿದ್ದು ತಾರುಮೇ ಜ್ವಾಲಾಮುಖಿ ಸುಮಾರು 9,000 ವರ್ಷಗಳ ಹಿಂದೆ ಉಗುಳಿದ ಹಗುರ ಕಲ್ಲಿನ ಪದರದ ಮೇಲೆ. ಆ ಪದರದ ಒಂದು ಭಾಗ ಕೊಳೆತು ಹ್ಯಾಲೊಯ್ಸೈಟ್ ಎಂಬ ನೀರು ತುಂಬಿದ ಜೇಡಿಯಾಗಿತ್ತು. ಮರದ ಬೇರು ಇಳಿಯುವುದು ಮೇಲಿನ ಒಂದೆರಡು ಮೀಟರಿಗೆ. ಜಾರುವ ಪದರ ಅದಕ್ಕಿಂತ ಕೆಳಗಿದ್ದರೆ ಕಾಡು ಏನೂ ಮಾಡಲಾರದು. ಮರವಿದ್ದರೆ ಗುಡ್ಡ ಕುಸಿಯುವುದೇ ಇಲ್ಲ ಎಂಬ ಮಾತನ್ನು ಪರಿಸರದ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ, ನನಗೆ ಗೊತ್ತು. ಆದರೂ ಅದು ಪೂರ್ತಿ ನಿಜವಲ್ಲ. ಬೇರು ಹಿಡಿಯುವ ಆಳ ಎಷ್ಟು, ಜಾರುವ ಪದರ ಎಷ್ಟು ಆಳದಲ್ಲಿದೆ ಎಂದು ನೋಡಿ ಹೇಳಬೇಕು.

ನಮ್ಮ ಚಿಂಚೋಳಿಯ ಗುಡ್ಡಗಳಿಗೆ ಅಂಥ ಕುಸಿತದ ಭಯವಿಲ್ಲ. ಇಲ್ಲಿ ಬೂದಿ ಇಲ್ಲ, ಅಷ್ಟು ಕಡಿದಾದ ಬೆಟ್ಟವೂ ಇಲ್ಲ. ನಮ್ಮ ಕಷ್ಟ ಸದ್ದಿಲ್ಲದ್ದು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಈ ಕಾಡು ಒಣನಾಡಿನ ಕಾಡು, ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ. ನೆತ್ತಿಯ ಮೇಲೆ ಜಂಬಿಟ್ಟಿಗೆ, ಅದರ ಮೇಲೆ ಎಷ್ಟೋ ಕಡೆ ಗೇಣುದ್ದವೂ ಇಲ್ಲದ ಮಣ್ಣು. ಉದುರಿದ ಎಲೆಯೇ ಆ ಮಣ್ಣಿಗೆ ಗೊಬ್ಬರ, ಎಲೆಯೇ ಹೊದಿಕೆ. ಹವಾಯಿಯ ಮುದಿ ಮಣ್ಣಿನಂತೆ ಇದೂ ತೊಳೆದುಹೋದ ಮಣ್ಣು, ಇಲ್ಲಿನ ಮರಗಳು ಬದುಕುವುದು ತಮ್ಮ ಎಲೆಯ ಸಾರವನ್ನೇ ಬೇರಿನ ಶಿಲೀಂಧ್ರಗಳ ನೆರವಿನಿಂದ ಮರಳಿ ಪಡೆದು. ಬೇಸಿಗೆಯಲ್ಲಿ ಹೊಸ ಹುಲ್ಲು ಚಿಗುರಲಿ ಎಂದು ಬೆಂಕಿ ಹಾಕಿದರೆ ಎಲೆಯ ಹೊದಿಕೆ ಹೋಗುತ್ತದೆ, ಮುಂಗಾರಿನ ಮೊದಲ ದೊಡ್ಡ ಮಳೆಗೆ ಬೆತ್ತಲೆ ಮಣ್ಣು ಕೊಚ್ಚಿಹೋಗುತ್ತದೆ, ಕೆಳಗಿನ ಜಂಬಿಟ್ಟಿಗೆ ಗಾಳಿಗೆ ಬಂದು ಗಟ್ಟಿಯಾಗುತ್ತದೆ. ಆ ಮೇಲೆ ಅಲ್ಲಿ ಸಸಿ ನೆಡಲು ಗುಂಡಿ ತೆಗೆಯುವುದಕ್ಕೆ ಹಾರೆಯೂ ಸಾಲುವುದಿಲ್ಲ. ಅಂಥ ಬೋಳು ಹಾಸುಗಳನ್ನು ನೀವು ಈ ಸೀಮೆಯಲ್ಲಿ ನೋಡಿದ್ದೀರಿ. ಅವೆಲ್ಲ ಹುಟ್ಟಿನಿಂದಲೇ ಬೋಳಾಗಿದ್ದವಲ್ಲ. ಬೂದಿಯ ಬೆಟ್ಟದಲ್ಲಿ ಕಳೆದುಹೋದ ಮಣ್ಣಿಗೆ ಬದಲು ಮುಂದಿನ ಸಲ ಜ್ವಾಲಾಮುಖಿ ಸಿಡಿದಾಗ ಹೊಸ ಬೂದಿ ಬಂದು ಬೀಳುತ್ತದೆ. ನಮ್ಮ ಲಾವಾ ನಿಂತು ಆರು ಕೋಟಿ ವರ್ಷ ದಾಟಿತು. ಹೊಸದು ಬರುವುದಿಲ್ಲ.

ವಿದ್ಯಾರ್ಥಿಗಳಿಗಾಗಿ ಒಂದು ಪರೀಕ್ಷೆ ಹೇಳುತ್ತೇನೆ. ಬೂದಿಮಣ್ಣನ್ನು ಹೊಲದಲ್ಲೇ ಗುರುತಿಸಲು ಸೋಡಿಯಂ ಫ್ಲೋರೈಡ್ ದ್ರಾವಣ ಬಳಸುತ್ತಾರೆ. ಒಂದು ಗ್ರಾಂ ಮಣ್ಣಿಗೆ ಆ ದ್ರಾವಣ 50 ಮಿಲಿಲೀಟರ್ ಹಾಕಿ ಎರಡು ನಿಮಿಷದಲ್ಲಿ ರಸಸಾರ (ಪಿಎಚ್) 9.4ನ್ನು ದಾಟಿದರೆ ಅಲೋಫೇನ್ ಇದೆ ಎಂದು ಅರ್ಥ. ಫ್ಲೋರೈಡ್ ಹೋಗಿ ಅಲ್ಯೂಮಿನಿಯಂಗೆ ಅಂಟಿಕೊಂಡು ಹೈಡ್ರಾಕ್ಸಿಲ್ ಅನ್ನು ಹೊರಗೆ ದೂಡುತ್ತದೆ, ಅದರಿಂದ ರಸಸಾರ ಏರುತ್ತದೆ. ಆದರೆ ಇದನ್ನೇ ನಮ್ಮ ಎರೆಯ ಮೇಲೆ ಮಾಡಿದರೂ ರಸಸಾರ ಏರಬಹುದು. ಅದು ಸುಣ್ಣದ ಕೆಲಸ. ಮೊದಲು ದುರ್ಬಲ ಆಮ್ಲದ ಹನಿ ಹಾಕಿ ನೊರೆ ಬರುತ್ತದೆಯೇ ನೋಡಿ. ನೊರೆ ಬಂದರೆ ಈ ಪರೀಕ್ಷೆಯ ಮಾತನ್ನು ನಂಬಬೇಡಿ. ಫ್ಲೋರೈಡ್ ವಿಷ, ಪ್ರಯೋಗಾಲಯದ ಹೊರಗೆ ಗುರುಗಳಿಲ್ಲದೆ ಮುಟ್ಟಬೇಡಿ.

ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಮಾತಿನ ನಡುವೆ ಕೇಳಿದ್ದರು: ಬೂದಿಯ ಕಥೆ ಸರಿ, ನಮ್ಮ ಎರೆಹೊಲದಲ್ಲಿ ಮಳೆಗಾಲದಲ್ಲಿ ನೀರು ನಿಂತು ಬೆಳೆ ಹಳದಿಯಾಗುತ್ತದೆ, ಅದಕ್ಕೇನು ಮಾಡಬೇಕು? ನೀರಿನ ದಾರಿಯ ಪ್ರಶ್ನೆಯೇ ಇದು. ಬಿರುಕು ಬಿಟ್ಟ ಎರೆ ಮೊದಲ ಮಳೆಯನ್ನು ಬಿರುಕಿನಿಂದ ಒಳಗೆ ಬಿಟ್ಟುಕೊಳ್ಳುತ್ತದೆ. ಒಮ್ಮೆ ಉಬ್ಬಿ ಮುಚ್ಚಿಕೊಂಡ ಮೇಲೆ ಗಂಟೆಗೆ ಒಂದೆರಡು ಮಿಲಿಮೀಟರ್ ಕೂಡ ಇಂಗುವುದಿಲ್ಲ. ಉಳಿದದ್ದು ನಿಲ್ಲುತ್ತದೆ, ಇಲ್ಲವೇ ಮಣ್ಣು ಹೊತ್ತು ಹಳ್ಳ ಸೇರುತ್ತದೆ. ಇಕ್ರಿಸ್ಯಾಟ್‌ನವರು ಇದೇ ಮಣ್ಣಿನಲ್ಲಿ 1976ರಿಂದ ನಡೆಸುತ್ತ ಬಂದ ಪ್ರಯೋಗದಲ್ಲಿ ಅಗಲವಾದ ಏರುಮಡಿ, ಅದರ ಪಕ್ಕದಲ್ಲಿ ಸಾಲುಗಾಲುವೆ ಮಾಡುತ್ತಾರೆ. ಮಡಿ, ಕಾಲುವೆ ಎರಡೂ ಸೇರಿ ಒಂದೂವರೆ ಮೀಟರ್. ಕಾಲುವೆಗೆ ಸಣ್ಣ ಇಳಿಜಾರು ಕೊಟ್ಟಿರುತ್ತಾರೆ, ಹೆಚ್ಚಾದ ನೀರು ಮಣ್ಣು ಕೊಚ್ಚದೆ ಮೆಲ್ಲಗೆ ಹೊಂಡಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಹೊಲ ಬೀಳುಬಿಡದೆ ಬೆಳೆ ತೆಗೆದು, ಒಳ್ಳೆಯ ತಳಿ, ಗೊಬ್ಬರ ಎಲ್ಲ ಸೇರಿಸಿ ಅವರು ಹೆಕ್ಟೇರಿಗೆ ಸರಾಸರಿ ಸುಮಾರು ಐದು ಟನ್ ಕಾಳು ಪಡೆದರು. ಮಳೆಗಾಲದಲ್ಲಿ ಬೀಳುಬಿಟ್ಟು ಹಿಂಗಾರಿಯಲ್ಲಿ ಮಾತ್ರ ಬಿತ್ತುವ ಹಳೆಯ ಕ್ರಮದಲ್ಲಿ ಸಿಕ್ಕಿದ್ದು ಸುಮಾರು ಒಂದು ಟನ್. ಎಲ್ಲ ಹೊಲಕ್ಕೂ ಇದು ಒಗ್ಗುತ್ತದೆ ಎನ್ನಲಾರೆ. ಇಳಿಜಾರು ಸರಿಯಾಗಿ ಸಿಗದ ತೀರಾ ಚಿಕ್ಕ ತುಂಡು ಹೊಲಗಳಲ್ಲಿ ಕಾಲುವೆಯ ನೀರು ಪಕ್ಕದವರ ಬದುವಿಗೆ ಹೋಗಿ ಜಗಳವಾಗುತ್ತದೆ. ನಾಲ್ಕೈದು ಹೊಲದವರು ಕೂತು ಮಾತನಾಡಿ ನೀರಿನ ದಾರಿಯನ್ನು ಒಟ್ಟಿಗೆ ಗುರುತಿಸಿದರೆ ಮಾತ್ರ ಇದು ನಡೆಯುತ್ತದೆ.

ಇನ್ನೊಬ್ಬರು ಕೆರೆಯ ಹೂಳಿನ ಬಗ್ಗೆ ಕೇಳಿದರು. ಹೂಳನ್ನು ಎರೆಹೊಲಕ್ಕೆ ಹಾಕುವುದರಿಂದ ಹೆಚ್ಚಿನ ಲಾಭವಿಲ್ಲ, ಅಲ್ಲಿ ಜೇಡಿ ಈಗಾಗಲೇ ಸಾಕಷ್ಟಿದೆ. ಗುಡ್ಡದಂಚಿನ ಕೆಂಪು ಗರಸು ಹೊಲಗಳಿಗೆ ಹಾಕಿ. ಅಲ್ಲಿ ನೀರು ಹಿಡಿಯುವ ಜೇಡಿಯೇ ಕಡಿಮೆ, ಹೂಳಿನಲ್ಲಿ ಇರುವುದು ಅದೇ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತೆಗೆದು, ಹೊಲದಲ್ಲಿ ತೆಳುವಾಗಿ ಹರಡಿ, ಬಿಸಿಲಿಗೆ ಹೆಂಟೆ ಒಡೆಯಲು ಬಿಟ್ಟು, ಮೊದಲ ಮಳೆಯ ಮೇಲೆ ಕುಂಟೆ ಹೊಡೆದು ಬೆರೆಸಬೇಕು. ಹಾಕುವ ಮೊದಲು ಹೂಳಿನ ಉಪ್ಪಿನಂಶವನ್ನು ಮಣ್ಣು ಪರೀಕ್ಷೆಯಲ್ಲಿ ನೋಡಿಸಿಕೊಳ್ಳಿ, ಕೆಲವು ಕೆರೆಗಳ ತಳದಲ್ಲಿ ಕರಲು ಸೇರಿರುತ್ತದೆ.